ಒಗೆಯದೆ ಇಟ್ಟ ಸಿಂಬಿ

ನಮ್ಮ ಮನೆಯಲ್ಲಿ ನಾನು ಒಗೆಯದೆ ಬಿಟ್ಟಿರುವ ಬಟ್ಟೆ ಒಂದೇ ಒಂದು. ನನ್ನನ್ನು ಬಲ್ಲವರು ಈ ಮಾತನ್ನು ಸುಲಭವಾಗಿ ನಂಬಲಾರರು. ಒಗೆಯುವುದು ನನಗೆ ಕೆಲಸವಲ್ಲ, ಸ್ವಭಾವ. ಬೇರೆಯವರಿಗೆ ಎಲೆಅಡಿಕೆ ಹೇಗೋ ನನಗೆ ಸಾಬೂನು ಹಾಗೆ. ಮನೆಗೆ ಬಂದ ನೆಂಟರು ಟವೆಲನ್ನು ಕುರ್ಚಿಯ ಮೇಲೆ ಹಾಕಿ, ಒಂದು ಲೋಟ ನೀರು ಕುಡಿದು ತಿರುಗುವಷ್ಟರಲ್ಲಿ ಅದು ಹಿತ್ತಲ ತಂತಿಯ ಮೇಲೆ ತೊಟ್ಟಿಕ್ಕುತ್ತಿರುತ್ತದೆ. ಒಮ್ಮೆ ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ಚಿಕ್ಕಪ್ಪ ಹಾಕಿಕೊಂಡು ಹೋಗಲು ಒಣ ಅಂಗಿಯಿಲ್ಲದೆ ಮಧ್ಯಾಹ್ನದ ರೈಲು ತಪ್ಪಿಸಿಕೊಂಡರು. ಅಂಗಿ ಆರುವವರೆಗೆ ಕೂತು ಊಟ ಮಾಡಿಕೊಂಡು ಹೋಗಿ ಎಂದೆ. ಅದರಲ್ಲಿ ನನ್ನ ತಪ್ಪೇನಿದೆ ಎಂದು ನನಗಿನ್ನೂ ಹೊಳೆದಿಲ್ಲ.

ನಮ್ಮಪ್ಪ ಈ ಚಟಕ್ಕೆ ಒಂದು ಕಾರಣ ಹೇಳುತ್ತಿದ್ದರು. ಅವರು ಟಿ.ಬಿ. ಡ್ಯಾಂ ಕಟ್ಟುವಾಗ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದವರು. ನಾನು ಹುಟ್ಟಿದ್ದು ಡ್ಯಾಂ ಮುಗಿದು, ಕಾಲುವೆಗೆ ನೀರು ಬಿಟ್ಟ ಮೇಲೆ, ಕಾಲೊನಿಯ ಕ್ವಾರ್ಟರ್ಸಿನಲ್ಲಿ. ನೀರಿನ ಬರ ಕಾಣದೆ ಹುಟ್ಟಿದ ಕೂಸು, ಅದಕ್ಕೇ ಕೈಗೆ ಸಿಕ್ಕಿದ್ದನ್ನೆಲ್ಲ ನೀರಿಗೆ ಅದ್ದುತ್ತದೆ ಎನ್ನುವುದು ಅವರ ವಾದ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದು ಅಂತ ಗಾದೆಯೇ ಇದೆಯಲ್ಲ, ನಮ್ಮ ಮನೆಯಲ್ಲಿ ಅದನ್ನು ಗಾದೆಯಾಗಿ ಯಾರೂ ಬಳಸುತ್ತಿರಲಿಲ್ಲ. ನಾನು ನಿಜವಾಗಿಯೂ ತೊಳೆದುಬಿಟ್ಟೇನು ಎಂದು ಅಮ್ಮನಿಗೆ ಭಯ.

ಈಗ ಆ ಒಗೆಯದ ಬಟ್ಟೆಯ ವಿಷಯ. ಈ ಸಲ ದಸರೆಗೆ ಸುಣ್ಣ ಹೊಡೆಸಬೇಕೆಂದು ನನ್ನ ಮಗ ಅಟ್ಟದ ಸಾಮಾನು ಇಳಿಸುತ್ತಿದ್ದ. ಮಗ ಅಂದರೆ ಚಿಕ್ಕವನಲ್ಲ, ಹೊಸಪೇಟೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ, ಏಣಿ ಹತ್ತಿದರೆ ಏಣಿಯೇ ನರಳುವಷ್ಟು ದೊಡ್ಡವನಾಗಿದ್ದಾನೆ. ಮೇಲಿನಿಂದ ಒಂದು ಸಿಂಬಿಯನ್ನು ಎರಡು ಬೆರಳಲ್ಲಿ ಹಿಡಿದು, ಅಮ್ಮ, ಇದನ್ನು ಎಸೆಯಲೋ ಇಲ್ಲ ನಿನ್ನ ಸೋಪಿನ ಬಕೆಟ್ಟಿಗೆ ಹಾಕಲೋ ಎಂದು ಕೇಳಿದ. ಎರಡೂ ಬೇಡ, ಕೆಳಗೆ ಕೊಡು ಎಂದೆ. ನನ್ನ ದನಿ ಹೇಗಿತ್ತೋ, ಅವನು ಇಳಿದೇ ಬಂದ.

ಸಿಂಬಿ ನಿಮಗೆ ಗೊತ್ತೇ ಇರುತ್ತದೆ. ತಲೆಯ ಮೇಲೆ ಕೊಡ, ಪುಟ್ಟಿ, ಕಲ್ಲು ಹೊರುವಾಗ ಅಡಿಯಲ್ಲಿ ಇಟ್ಟುಕೊಳ್ಳುವ ಬಟ್ಟೆಯ ಬಳೆ. ನಮ್ಮ ಕಡೆ ಒಂದು ಸಿಂಬಿಯನ್ನು ಕೈಗೆ ಕೊಟ್ಟರೆ ಹೊತ್ತವಳು ಯಾವ ಊರಿನವಳು ಎಂದು ಹೇಳಬಹುದಿತ್ತು. ಕಂಪ್ಲಿ, ಮೆಟ್ರಿಯ ಗದ್ದೆಗಳಲ್ಲಿ ನಾಟಿಯ ಸಸಿಕಟ್ಟು ಹೊರುವವರದು ಭತ್ತದ ಹುಲ್ಲಿನದು. ಅದು ಒಂದು ದಿನದ ಆಯುಸ್ಸಿನದು, ಸಂಜೆಗೆ ದನಕ್ಕೆ ಹಾಕಿ ಮನೆಗೆ ಹೋಗುತ್ತಿದ್ದರು. ಸಂಡೂರಿನ ಯಶವಂತನಗರದ ಕಡೆ ಗಣಿಯಲ್ಲಿ ಅದಿರು ಹೊರುವವರದು ಗೋಣಿತಾಟಿನದು, ಮೇಲೊಂದು ಸುತ್ತು ಬಟ್ಟೆ, ಬಣ್ಣ ಕೆಂಪು. ಮೊದಲು ಯಾವ ಬಣ್ಣದ್ದಿತ್ತು ಎಂದು ಕೇಳಿದರೆ ಅವರೇ ನಗುತ್ತಿದ್ದರು. ಡ್ಯಾಮಿನ ಕೆಲಸದವರದು ಹಳೆಯ ಸೀರೆಯದು, ಬಿಗಿಯಾಗಿ ಸುತ್ತಿ ಸುತ್ತಲೂ ದಾರ ಹೊಲಿದದ್ದು. ಇಷ್ಟೆಲ್ಲ ನನಗೆ ಗೊತ್ತಾದದ್ದು ಆ ಪ್ರಸಂಗದ ನಂತರ. ಮೊದಲೇ ಗೊತ್ತಿದ್ದರೆ ಪ್ರಸಂಗವೇ ನಡೆಯುತ್ತಿರಲಿಲ್ಲ.

ಆಗ ನಾನು ಕಾಲೊನಿಯ ಶಾಲೆಯಲ್ಲಿ ಟೀಚರು. ಯಜಮಾನರು ಕಾಲುವೆ ಆಫೀಸಿನವರು, ಯಾವಾಗ ನೋಡಿದರೂ ಯಾವುದೋ ತೂಬಿನ ಹತ್ತಿರ ನೀರಿನ ಮಟ್ಟ ಅಳೆಯುತ್ತ ಇರುತ್ತಿದ್ದರು. ಮಗನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಪ್ಪ ರಿಟೈರಾಗಿ ನಮ್ಮ ಜೊತೆಗೇ ಇದ್ದರು. ಶಾಲೆಯಲ್ಲಿ ನಾನು ಚರಿತ್ರೆ ಹೇಳುತ್ತಿದ್ದೆ, ಚೆನ್ನಾಗಿಯೇ ಹೇಳುತ್ತಿದ್ದೆ, ಆ ವಿಷಯದಲ್ಲಿ ಸುಳ್ಳು ನಾಚಿಕೆ ನನಗಿಲ್ಲ. ವರ್ಷಕ್ಕೊಮ್ಮೆ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗುವುದು, ಬಂದ ಮೇಲೆ ‘ನಮ್ಮ ಊರು’ ಎಂದು ಒಂದು ಪ್ರಬಂಧ ಬರೆಸುವುದು ನನ್ನ ಪದ್ಧತಿ. ಒಂದು ವರ್ಷ ಆ ಪ್ರಬಂಧಗಳನ್ನು ತಿದ್ದುತ್ತ ಕೂತಾಗ ಒಂದು ವಿಚಿತ್ರ ಕಂಡಿತು. ಎಲ್ಲರೂ ರಾಯರ ಆನೆ, ರಾಯರ ಕುದುರೆ, ರಾಯರು ತೂಗಿಸಿಕೊಂಡ ತಕ್ಕಡಿ ಬರೆದಿದ್ದರು. ಡ್ಯಾಮಿನ ಗೋಡೆ ಕಿಟಕಿಯಿಂದಲೇ ಕಾಣುತ್ತಿತ್ತು. ಅದನ್ನು ಕಟ್ಟಿದವರ ಮೊಮ್ಮಕ್ಕಳೇ ಆ ಕ್ಲಾಸಿನಲ್ಲಿ ಅರ್ಧ ತುಂಬಿದ್ದರು. ತಮ್ಮ ಅಜ್ಜಿಯ ಹೆಸರನ್ನು ಒಬ್ಬರೂ ಬರೆದಿರಲಿಲ್ಲ.

ಈ ಮಾತನ್ನು ನಾನು ಖಾಸಿಂಸಾಬರ ಹತ್ತಿರ ಆಡಿದೆ. ಅವರು ಡ್ಯಾಮಿನ ಕ್ರೇನಿನಲ್ಲಿ ಖಲಾಸಿಯಾಗಿದ್ದವರು, ಆಗ ಕಾಲೊನಿಯ ವಾಚನಾಲಯ ನೋಡಿಕೊಳ್ಳುತ್ತಿದ್ದರು. ಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸುವುದು, ಅದನ್ನು ಯಾರೂ ಮನೆಗೆ ಒಯ್ಯದಂತೆ ಕಾಯುವುದು ಅವರ ಉದ್ಯೋಗ. ಕೈಯಲ್ಲಿದ್ದ ಪತ್ರಿಕೆಯನ್ನು ಕೋಲಿಗೆ ಸಿಕ್ಕಿಸಿ, ತಿಂಗಳಿಗೊಂದು ಭಾನುವಾರ ಇಲ್ಲೇ ಸಭೆ ಮಾಡೋಣ, ದುಡಿದವರು ಬಂದು ತಮ್ಮ ಕೆಲಸದ ಕತೆ ಹೇಳಲಿ, ಮಕ್ಕಳು ಕೂತು ಬರೆದುಕೊಳ್ಳಲಿ ಎಂದರು. ಬರುವವರು ತಮ್ಮ ಕೆಲಸದ ಒಂದು ವಸ್ತುವನ್ನು ತರಬೇಕು, ಅದನ್ನು ಮೇಜಿನ ಮೇಲೆ ಇಡೋಣ ಎನ್ನುವುದು ನಾನು ಸೇರಿಸಿದ ಒಗ್ಗರಣೆ. ಸಭೆಗೆ ಅವರು ‘ದುಡಿದವರ ಭಾನುವಾರ’ ಎಂದು ಹೆಸರಿಟ್ಟರು.

ಮೊದಲ ಎರಡು ಸಭೆ ಗಂಡಸರದೇ ಆಯಿತು. ಮೇಸ್ತ್ರಿಯೊಬ್ಬ ತೂಗುಗುಂಡು ತಂದ. ಖಾಸಿಂಸಾಬರು ನಟ್ಟು ಬಿಗಿಯುವ ಮೊಳದುದ್ದದ ಪಾನಾ ತಂದಿಟ್ಟು, ಅದರ ಒಂದೊಂದು ಗೀರಿಗೂ ಒಂದೊಂದು ಕತೆ ಹೇಳಿದರು. ನಮ್ಮಪ್ಪ ತಮ್ಮ ಉಕ್ಕಿನ ಟೇಪು ತಂದು, ಅದನ್ನು ಯಾರೂ ಎಳೆಯಬಾರದೆಂದು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಹೆಂಗಸರು ಬರುತ್ತಿದ್ದರು, ಗೋಡೆಗೆ ಒರಗಿ ಕೂತು ಕೇಳಿ ಎದ್ದು ಹೋಗುತ್ತಿದ್ದರು. ನೀವೂ ಏನಾದರೂ ತನ್ನಿ ಎಂದರೆ, ನಮ್ಮ ಹತ್ರ ಏನೈತ್ರಿ, ತೆಲಿ ಇತ್ತು, ಕೈ ಇತ್ತು ಎಂದು ನಗುತ್ತಿದ್ದರು.

ಅವರಲ್ಲಿ ಒಬ್ಬಳು ಹುಲಿಗೆಮ್ಮ. ಕಾಲೊನಿಯ ಹಿಂದಿನ ಗುಡಿಸಲುಗಳಲ್ಲಿ ಅವಳ ಮನೆ. ವಯಸ್ಸು ಮೂವತ್ತೈದರ ಆಚೆಈಚೆ. ಡ್ಯಾಂ ಕಟ್ಟುವಾಗ ಅವಳ ತಾಯಿ ದುರುಗಮ್ಮ ಕಲ್ಲು, ಗಾರೆ ಹೊತ್ತಿದ್ದಳು. ಆ ಡ್ಯಾಮಿನ ನೀರು ಹರಿದ ಗದ್ದೆಗಳಲ್ಲಿ ಮಗಳು ನಾಟಿ ಮಾಡುತ್ತಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಹುಲಿಗೆಮ್ಮನ ಕೈ ಕೆಸರು ಹೌದು, ಮೊಸರು ಮಾತ್ರ ಗದ್ದೆಯ ಒಡೆಯರ ಬಾಯಿಗೇ ಹೋಗುತ್ತಿತ್ತು. ನಾಟಿ ಇಲ್ಲದ ದಿನಗಳಲ್ಲಿ ಸೊಪ್ಪು ಮಾರಲು ನಮ್ಮ ಬಾಗಿಲಿಗೆ ಬರುತ್ತಿದ್ದಳು. ಮಾತು ಕಡಿಮೆ. ನಾನು ಕೊಂಡ ಸೊಪ್ಪನ್ನು ಅವಳೆದುರೇ ಮೂರು ಸಲ ತೊಳೆಯುವುದನ್ನು ನೋಡುತ್ತ ಕೂತಿರುತ್ತಿದ್ದಳು. ಆ ನೋಟದಲ್ಲಿ ಏನಿತ್ತು ಎಂದು ಆಗ ನಾನು ಯೋಚಿಸಿರಲಿಲ್ಲ.

ಮೂರನೆಯ ಸಭೆಗೆ ಎರಡು ದಿನ ಮುಂಚೆ, ಶುಕ್ರವಾರ, ಹುಲಿಗೆಮ್ಮ ಬಂದು ಸೆರಗಿನ ಒಳಗಿನಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಅದರೊಳಗೆ ಒಂದು ಸಿಂಬಿ. ಇದು ನಮ್ಮವ್ವಂದು, ಭಾನುವಾರ ಇದನ್ನು ಹಿಡಿದುಕೊಂಡು ನಾಲ್ಕು ಮಾತು ಹೇಳುತ್ತೇನೆ, ಗುಡಿಸಲಿನಲ್ಲಿ ಮಕ್ಕಳ ಕೈಗೆ ಸಿಕ್ಕೀತು, ಅಲ್ಲಿಯವರೆಗೆ ನಿಮ್ಮ ಹತ್ತಿರ ಇರಲಿ ಎಂದಳು. ಮೆಟ್ಟಿಲು ಇಳಿದವಳು ತಿರುಗಿ ನಿಂತು ಒಂದೇ ಮಾತು ಸೇರಿಸಿದಳು.

"ಜ್ವಾಪಾನ ರೀ ಟೀಚರ್. ಭಾಳ ಹಳೇದೈತಿ."

ಜೋಪಾನ ಎನ್ನುವ ಪದಕ್ಕೆ ನನ್ನ ನಿಘಂಟಿನಲ್ಲಿ ಒಂದೇ ಅರ್ಥ. ಅವಳು ಆಚೆ ಹೋದ ಕೂಡಲೇ ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಎಣ್ಣೆ, ಬೆವರು, ಧೂಳು ಸೇರಿ ತೊಗಲಿನಂತೆ ಗಟ್ಟಿಯಾಗಿತ್ತು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು, ಅಂದಗೇಡಿ. ಪಾಪ, ಅವಳ ತಾಯಿಯ ವಸ್ತು, ನಾಲ್ಕು ಜನರೆದುರು ಹೀಗೆ ಇಡುವುದೇ ಎಂದು ನನ್ನ ಮನಸ್ಸು ಕರಗಿತು. ಕರಗಿದ ಮನಸ್ಸಿನಿಂದಲೇ ಬ್ಲೇಡು ತಂದು ಹೊಲಿಗೆ ಬಿಚ್ಚಿದೆ. ಸುತ್ತು ಬಿಚ್ಚುತ್ತ ಹೋದಂತೆ ಮಡಿಕೆಗಳಿಂದ ಇಟ್ಟಿಗೆ ಬಣ್ಣದ ಗಾರೆಯ ಪುಡಿ ನೆಲಕ್ಕೆ ಉದುರಿತು. ಅದನ್ನು ಗುಡಿಸಿ ಹೊರಗೆ ಹಾಕಿದೆ. ಬಟ್ಟೆಯನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಹಾಕಿದೆ. ಮೊದಲ ನೀರು ಕೆಂಪು, ಎರಡನೆಯದು ಕಂದು, ಐದನೆಯದು ತಿಳಿ. ಆ ನೀರನ್ನೆಲ್ಲ ಮಲ್ಲಿಗೆ ಬಳ್ಳಿಗೆ ಚೆಲ್ಲಿದೆ. ನೆರಳಲ್ಲಿ ಒಣಗಿಸಿ, ಇಸ್ತ್ರಿಪೆಟ್ಟಿಗೆಗೆ ಕೆಂಡ ಹಾಕಿ ಮಡಿಕೆ ಮಡಿಕೆಯನ್ನೂ ತೀಡಿದೆ.

ಎಂಥ ಬಟ್ಟೆ ಹೊರಗೆ ಬಂತು ಅಂತೀರಿ. ಮಾಸಿದ ದಾಳಿಂಬೆ ಬಣ್ಣ, ಬೆರಳಗಲದ ಹಸಿರು ಅಂಚು. ಮಗುವನ್ನು ಎತ್ತಿಕೊಂಡು ಬಂದ ಅಪ್ಪನಿಗೆ ತೋರಿಸಿದರೆ, ಏನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿ ಮಗುವನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡರು. ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ, ವಾಚನಾಲಯದ ಗೋಡೆಗೆ ನಾಲ್ಕು ಮೂಲೆಗೂ ಗುಂಡುಸೂಜಿ ಚುಚ್ಚಿ ಅದನ್ನು ಹರಡಿದೆ. ಕೆಳಗೆ ನನ್ನ ದುಂಡಗಿನ ಅಕ್ಷರದಲ್ಲಿ ಚೀಟಿ: ‘ಅಣೆಕಟ್ಟಿನ ಕಾರ್ಮಿಕ ಮಹಿಳೆ ಉಟ್ಟ ಸೀರೆಯ ತುಂಡು’. ದೂರ ನಿಂತು ನೋಡಿ ನನಗೆ ನಾನೇ ತಲೆದೂಗಿದೆ.

ಹುಲಿಗೆಮ್ಮ ತಲೆಗೆ ಎಣ್ಣೆ ಹಚ್ಚಿ, ಇಳಕಲ್ ಅಂಚಿನ ಸೀರೆ ಉಟ್ಟು ಬಂದಳು. ಜೊತೆಗೆ ಯಶವಂತನಗರದಿಂದ ಅವಳ ಗೆಳತಿ ಗಾಳೆಮ್ಮ, ಗಣಿಯಲ್ಲಿ ಅದಿರು ಆರಿಸಿ ಹೊರುವವಳು, ಬೆಳಗಿನ ಬಸ್ಸು ಹಿಡಿದು ಬಂದಿದ್ದಳು. ತನ್ನ ಕೆಂಪು ಗೋಣಿಸಿಂಬಿಯನ್ನು ಗಾಳೆಮ್ಮ ಧೈರ್ಯವಾಗಿ ಮೇಜಿನ ಮೇಲೆ, ನಮ್ಮಪ್ಪನ ಟೇಪಿನ ಪಕ್ಕದಲ್ಲಿಟ್ಟಳು. ಹುಲಿಗೆಮ್ಮ ಮೇಜನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಮತ್ತೊಮ್ಮೆ ನೋಡಿದಳು. ನಮ್ಮದೆಲ್ಲಿ ಎಂದು ಕೇಳಿದಳು. ನಾನು ಮದುಮಗಳನ್ನು ತೋರಿಸುವಂತೆ ಗೋಡೆಯ ಕಡೆ ಕೈ ತೋರಿಸಿದೆ.

ಅವಳು ಹತ್ತಿರ ಹೋಗಿ ಬಟ್ಟೆಯನ್ನು ಮುಟ್ಟಿದಳು. ಮುಟ್ಟಿದ ಬೆರಳನ್ನು ಮೂಗಿನ ಹತ್ತಿರ ತಂದಳು. ಸಾಬೂನಿನ ವಾಸನೆ ಬಂದಿರಬೇಕು. ಬೈದಿದ್ದರೆ ನಾನು ಉತ್ತರ ಕೊಡುತ್ತಿದ್ದೆ, ಉತ್ತರಕ್ಕೆ ನನ್ನಲ್ಲಿ ಎಂದೂ ಕೊರತೆಯಿಲ್ಲ. ಅವಳು ಬೈಯಲಿಲ್ಲ.

"ನಾ ಹೇಳಬೇಕಂದಿದ್ದು ಅದರಾಗ ಇತ್ರಿ ಟೀಚರ್," ಎಂದಳು. "ಅದನ್ನ ನೀವು ಒಗದುಬಿಟ್ಟೀರಿ. ಇನ್ನ ಏನು ಹೇಳ್ಲಿ?"

ಅಷ್ಟು ಹೇಳಿ ಹಿಂದಿನ ಗೋಡೆಗೆ ಒರಗಿ ಕೂತುಬಿಟ್ಟಳು. ನನಗೆ ಒಳಗೊಳಗೇ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಇಷ್ಟು ಕಷ್ಟಪಟ್ಟಿದ್ದಕ್ಕೆ ಇದೇನು ಎನ್ನಿಸಿತು. ಅಷ್ಟರಲ್ಲಿ ಗಾಳೆಮ್ಮ ನನ್ನ ತೋಳು ಹಿಡಿದು ಬಾಗಿಲ ಹೊರಗೆ ಕರೆದುಕೊಂಡು ಹೋಗಿ, ತಗ್ಗಿದ ದನಿಯಲ್ಲಿ ವಿಷಯ ತಿಳಿಸಿದಳು.

ದುರುಗಮ್ಮ ಡ್ಯಾಮಿನ ಕೆಲಸಕ್ಕೆ ಬಂದಾಗ ಹುಲಿಗೆಮ್ಮ ಎಳೆಗೂಸು. ಬೇರೆಯವರ ಕೂಸುಗಳು ಬೇವಿನ ಮರದ ಜೋಲಿಯಲ್ಲಿ ಮಲಗಿದರೆ ಇವಳು ಅತ್ತು ಅತ್ತು ನೀಲಿಗಟ್ಟುತ್ತಿದ್ದಳಂತೆ. ಹಾಗಾಗಿ ತಾಯಿ ಮೂರು ವರ್ಷ ಇವಳನ್ನು ಬಲಗಡೆಯ ಬಗಲಲ್ಲಿ ಇಟ್ಟುಕೊಂಡೇ ಕಲ್ಲು ತುಂಬಿದ ಕಬ್ಬಿಣದ ಬಾಂಡ್ಲಿ ಹೊತ್ತಳು. ಬಲಕ್ಕೆ ಕೂಸಿದ್ದರೆ ಕುತ್ತಿಗೆ ತಾನಾಗಿ ಎಡಕ್ಕೆ ವಾಲುತ್ತದೆ, ಭಾರವೆಲ್ಲ ಸಿಂಬಿಯ ಎಡಭಾಗದ ಮೇಲೆ ಕೂರುತ್ತದೆ. ಮೂರು ವರ್ಷಕ್ಕೆ ಅಲ್ಲಿ ಹೆಬ್ಬೆರಳು ಹುದುಗುವಷ್ಟು ತಗ್ಗು ಬಿದ್ದಿತ್ತು. ಡ್ಯಾಂ ಮುಗಿದ ಮೇಲೆ ದುರುಗಮ್ಮ ಆ ಸಿಂಬಿಯನ್ನು ಮತ್ತೆ ತಲೆಗೆ ಇಡಲಿಲ್ಲ. ಗೂಟಕ್ಕೆ ನೇತುಹಾಕಿದಳು. ಅವಳದೊಂದು ಫೋಟೋ ಕೂಡ ಇಲ್ಲ.

"ಆಕಿ ಅವ್ವ ತಗ್ಗಿನಾಗ ಬಟ್ಟು ಇಡಿಸಿ ಹೇಳ್ತಿದ್ಲಂತ್ರಿ," ಎಂದಳು ಗಾಳೆಮ್ಮ. "ಇದು ನೀನು ನೋಡು, ಅಂತ."

ನಾನು ಒಗೆದದ್ದು ಏನನ್ನು ಎಂದು ನನಗೆ ಗೊತ್ತಾದದ್ದು ಆಗ. ಬಕೆಟ್ಟಿನ ಕೆಂಪು ನೀರು ಕಣ್ಣೆದುರು ಬಂತು. ಕಿತ್ತು ಹಾಕಿದ ಹೊಲಿಗೆಯ ದಾರ, ಪೊರಕೆಯಲ್ಲಿ ಗುಡಿಸಿದ ಗಾರೆ, ಕೆಂಡ ತುಂಬಿ ತೀಡಿದ ಇಸ್ತ್ರಿ. ಚರಿತ್ರೆ ಹೇಳುವ ಟೀಚರಿಗೆ ಇಡೀ ಚರಿತ್ರೆಯಲ್ಲಿ ಒಂದೇ ಪ್ರತಿ ಇದ್ದದ್ದು ಕೈಗೆ ಬಂದಿತ್ತು, ಅದನ್ನು ನಾನು ಮಲ್ಲಿಗೆ ಬಳ್ಳಿಗೆ ಉಣಿಸಿದ್ದೆ.

ಒಳಗೆ ಖಾಸಿಂಸಾಬರು ಮೈಕಿನಲ್ಲಿ ಹುಲಿಗೆಮ್ಮನ ಹೆಸರು ಕೂಗುತ್ತಿದ್ದರು. ಅವಳು ಏಳಲಿಲ್ಲ. ಎರಡನೆಯ ಸಲ ಕೂಗಿದಾಗ ನಾನು ಒಳಗೆ ನಡೆದು ಹೋಗಿ ಮೈಕು ತೆಗೆದುಕೊಂಡೆ. ನನಗೆ ಸಭೆಯೆಂದರೆ ಅಳುಕಿಲ್ಲ, ಸ್ವಾತಂತ್ರ್ಯ ದಿನಾಚರಣೆಯ ಭಾಷಣಕ್ಕೆ ಚೀಟಿ ಹಿಡಿದವಳಲ್ಲ. ಆದರೆ ಅಂದು ಮೈಕನ್ನು ಎರಡೂ ಕೈಯಲ್ಲಿ ಹಿಡಿದೆ. ಗೋಡೆಯ ಮೇಲಿನ ಚೀಟಿ ತಪ್ಪು, ಅದು ಸೀರೆಯ ತುಂಡಲ್ಲ, ಮೊನ್ನೆಯವರೆಗೆ ದುರುಗಮ್ಮ ಎಂಬವರ ಸಿಂಬಿಯಾಗಿತ್ತು, ಜೋಪಾನ ಮಾಡಲು ಕೊಟ್ಟದ್ದನ್ನು ಕೇಳದೆ ಬಿಚ್ಚಿ ಒಗೆದವಳು ನಾನು ಎಂದೆ. ಪತ್ರಿಕೆಗಳು ಫ್ಯಾನಿನ ಗಾಳಿಗೆ ಕೋಲಿನ ಮೇಲೆ ಪಟಪಟ ಅನ್ನುತ್ತಿದ್ದವು.

ಆಗ ಹುಲಿಗೆಮ್ಮ ಎದ್ದಳು. ನೆಟ್ಟಗೆ ಗೋಡೆಯ ಹತ್ತಿರ ಹೋಗಿ ನಾಲ್ಕೂ ಗುಂಡುಸೂಜಿ ಕಿತ್ತು ಖಾಸಿಂಸಾಬರ ಅಂಗೈಗೆ ಹಾಕಿದಳು. ಬಟ್ಟೆಯನ್ನು ಉದ್ದಕ್ಕೆ ಮಡಿಚಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಹುರಿ ಮಾಡಿ ಎಡಗೈಯ ನಾಲ್ಕು ಬೆರಳಿಗೆ ಸುತ್ತಿದಳು. ನನ್ನ ಇಸ್ತ್ರಿಯ ಗೆರೆಗಳೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮಾಯವಾದವು. ಸಿಂಬಿಯನ್ನು ತಂದು ನನ್ನ ತಲೆಯ ಮೇಲಿಟ್ಟಳು. ಮೇಜಿನ ಮೇಲೆ ಯಾರೋ ತಂದಿಟ್ಟಿದ್ದ ಬಾಂಡ್ಲಿಯನ್ನು ತೋರಿಸಿ, ಅಂಗಳದ ಕಲ್ಲು ತುಂಬಿಕೊಂಡು ಬರಲು ಇಬ್ಬರಿಗೆ ಹೇಳಿದಳು. ಅರ್ಧ ಸಾಕು, ಟೀಚರ ಕುತ್ತಿಗೆ ಸೂಕ್ಷ್ಮ ಐತಿ ಎಂದು ಸೇರಿಸಿದಳು. ನಗು ಎದ್ದಿತು. ಅವಳು ನಗಲಿಲ್ಲ. ಆಮೇಲೆ ನಮ್ಮಪ್ಪನ ತೊಡೆಯ ಮೇಲಿದ್ದ ನನ್ನ ಮಗನನ್ನು ಎತ್ತಿ ತಂದು ನನ್ನ ಬಲ ಬಗಲಿಗೆ ಕೂರಿಸಿದಳು.

"ನಡೀರಿ," ಎಂದಳು.

ನಡೆದೆ. ಎಡಗೈ ಬಾಂಡ್ಲಿ ಹಿಡಿದಿತ್ತು, ಬಲಗೈ ಕೂಸನ್ನು. ಕೂಸು ನನ್ನ ಕಿವಿಯ ಓಲೆ ಜಗ್ಗುತ್ತಿತ್ತು. ನಾಲ್ಕು ಹೆಜ್ಜೆಗೆ ನನ್ನ ಕುತ್ತಿಗೆ ಎಡಕ್ಕೆ ವಾಲಿತು. ನೆಟ್ಟಗೆ ಮಾಡಿದೆ, ಮತ್ತೆ ವಾಲಿತು. ಬಾಗಿಲವರೆಗೆ ಹೋಗಿ, ಎರಡು ಮೆಟ್ಟಿಲು ಇಳಿದು ಹತ್ತಿ ಬಂದೆ, ಅಷ್ಟರಲ್ಲಿ ಬೆನ್ನಿನ ಹುರಿಯೆಲ್ಲ ಎಳೆದುಕೊಂಡಿತ್ತು. ನನ್ನ ಪಕ್ಕದಲ್ಲೇ ಹುಲಿಗೆಮ್ಮ ನಡೆಯುತ್ತ, ಮೈಕಿಲ್ಲದೆ, ಎಲ್ಲರಿಗೂ ಕೇಳುವಂತೆ ಹೇಳಿದಳು. ಹೀಗೆಯೇ ನಮ್ಮವ್ವ ನಡೆಯುತ್ತಿದ್ದಳು, ಆದರೆ ಮೆಟ್ಟಿಲು ಎರಡಲ್ಲ, ಗೋಡೆ ಎದ್ದಂತೆ ಏರು ದಿನದಿನಕ್ಕೆ ಏರುತ್ತಿತ್ತು ಎಂದಳು. ಬಿಸಿಲಿಗೆ ಕಬ್ಬಿಣದ ಬಾಂಡ್ಲಿ ಕಾದು ಬೆರಳು ಸುಡುತ್ತಿದ್ದದ್ದು, ಕೂಸಿನ ನೆತ್ತಿಗೆ ನೆರಳಾಗಲೆಂದು ಸೆರಗನ್ನು ಒಂದಿಷ್ಟು ಬಲಕ್ಕೆ ಎಳೆದುಕೊಳ್ಳುತ್ತಿದ್ದದ್ದು, ಎಲ್ಲ ಹೇಳಿದಳು. ಕಟ್ಟೆಯ ಮೇಲೆ ಕೂಸು ತರಬಾರದೆಂದು ಕಟ್ಟಪ್ಪಣೆ ಇತ್ತು, ಇನ್‌ಸ್ಪೆಕ್ಟರ್ ಬರುವುದು ಕಂಡರೆ ಸೆರಗು ಮುಚ್ಚಿ ನನ್ನ ಬಾಯಿಗೆ ಬೆಲ್ಲದ ಚೂರು ಇಡುತ್ತಿದ್ದಳಂತೆ ಎಂದಳು.

ಇನ್‌ಸ್ಪೆಕ್ಟರ್ ಎಂದಾಗ ಕೆಲವರು ನಮ್ಮಪ್ಪನ ಕಡೆ ನೋಡಿದರು. ಅವರು ಟೇಪನ್ನು ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದರು. ಮನೆಯಲ್ಲಿ ಡ್ಯಾಮಿನ ಕತೆ ಹೇಳುವಾಗ ಅವರು ಹೆಂಗಸರ ವಿಷಯಕ್ಕೆ ಬಂದರೆ, ಹೆಣ್ಣಾಳು ಸಾಲಾಗಿ ಬರುತ್ತಿದ್ದವು ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದರು.

"ಸೆರಗಿನಾಗ ಕೂಸು ಇರೋದು ಕಾಣ್ತಿತ್ತವಾ," ಎಂದರು ಅಪ್ಪ, ಕೂತಲ್ಲಿಂದಲೇ. "ಕಂಡೂ ಕಾಣದಂಗ ಹೋಗ್ತಿದ್ವಿ. ಒಂದೊಂದು ದಿನ ಕೆಳಗ ಕಳಿಸಿದ್ದೂ ಐತಿ."

ಹುಲಿಗೆಮ್ಮ ಅವರ ಕಡೆ ತಿರುಗಿದಳು. ಹೌದೆನ್ನುವಂತೆ ತಲೆಯಾಡಿಸಿದಳು. ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ, ಕ್ಷಮೆಯನ್ನು ಅಪ್ಪ ಕೇಳಿಯೂ ಇರಲಿಲ್ಲ. ಆಮೇಲೆ ಬಾಂಡ್ಲಿ ಇಳಿಸಿ, ಸಿಂಬಿಯನ್ನು ನನ್ನ ತಲೆಯಿಂದ ತೆಗೆದು, ಎಡಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಒಂಚೂರು ಕುಂತೈತಿ," ಎಂದಳು. "ಇನ್ನ ಮೂರು ವರ್ಷ ಹೊರ್ರಿ."

ಸಭೆಯೇ ನಕ್ಕಿತು. ಈ ಸಲ ಅವಳೂ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬಟ್ಟೆಯನ್ನು ಸುತ್ತು ಬಿಚ್ಚದೆ ಮಡಿಲಿಗೆ ಹಾಕಿಕೊಂಡು ಮನೆಗೆ ಒಯ್ದಳು. ನನ್ನ ದುಂಡಗಿನ ಅಕ್ಷರದ ಚೀಟಿ ಖಾಲಿ ಗೋಡೆಯ ಮೇಲೆ ಉಳಿಯಿತು. ಅದನ್ನು ತೆಗೆಯಬೇಡಿ ಎಂದು ಖಾಸಿಂಸಾಬರಿಗೆ ನಾನೇ ಹೇಳಿದೆ. ವಾಚನಾಲಯಕ್ಕೆ ಸುಣ್ಣ ಹೊಡೆಯುವವರೆಗೂ ಅದು ಅಲ್ಲೇ ಇತ್ತು.

ಮುಂದಿನ ಭಾನುವಾರಗಳಲ್ಲಿ ಹೆಂಗಸರು ಮೇಜಿನ ತುಂಬ ಸಿಂಬಿ ಇಟ್ಟರು. ಹುಲ್ಲಿನವು, ಗೋಣಿಯವು, ಸೀರೆಯವು. ಒಂದನ್ನೂ ನನ್ನ ಕೈಗೆ ಕೊಡುತ್ತಿರಲಿಲ್ಲ, ನೇರವಾಗಿ ಮೇಜಿನ ಮೇಲೆ ಇಟ್ಟು, ಸಭೆ ಮುಗಿಯುವವರೆಗೆ ನನ್ನ ಮೇಲೆ ಒಂದು ಕಣ್ಣಿಟ್ಟಿರುತ್ತಿದ್ದರು. ಊರಲ್ಲಿ ನನಗೆ ‘ಒಗಿಯೋ ಟೀಚರು’ ಎಂದು ಹೆಸರು ಬಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನಾದೆ. ಆದರೆ ಮುಂದಿನ ವರ್ಷ ‘ನಮ್ಮ ಊರು’ ಪ್ರಬಂಧದಲ್ಲಿ ಮಕ್ಕಳು ರಾಯರ ಆನೆಯ ಜೊತೆಗೆ ತಮ್ಮ ಅಜ್ಜಿಯರ ಹೆಸರನ್ನೂ ಬರೆದರು. ಒಂದು ಹುಡುಗಿ ಆನೆಯನ್ನು ಪೂರ್ತಿ ಬಿಟ್ಟು ಅಜ್ಜಿಯನ್ನು ಮಾತ್ರ ಬರೆದಿದ್ದಳು. ಅವಳಿಗೆ ಪೂರ್ತಿ ಅಂಕ ಕೊಟ್ಟೆ.

ಹುಲಿಗೆಮ್ಮ ಸೊಪ್ಪು ತರುವುದನ್ನು ಬಿಡಲಿಲ್ಲ. ಒಂದು ದಿನ, ನಿಮ್ಮದೊಂದು ಹಳೆಯ ಸೀರೆ ಕೊಡಿ ಎಂದಳು. ಕೊಟ್ಟೆ. ಮೆಟ್ಟಿಲ ಮೇಲೆ ಕೂತು ಹರಿದು, ಸುತ್ತಿ, ದಾರ ಹೊಲಿದು ಸಿಂಬಿ ಮಾಡಿ ನನ್ನ ಮುಂದಿಟ್ಟಳು. ನಿಮ್ಮ ಕೂಸು ಇನ್ನೂ ಬಗಲಲ್ಲಿದೆಯಲ್ಲ, ಕೂಸು ಇಳಿಯುವವರೆಗೆ ಹೊತ್ತು ನೋಡಿ, ಕೇಳಿದ್ದು ಬೇರೆ, ಹೊತ್ತದ್ದು ಬೇರೆ ಎಂದಳು. ಬೇಸಿಗೆಯಲ್ಲಿ ನಮ್ಮ ಕ್ವಾರ್ಟರ್ಸಿನ ಮನೆನಲ್ಲಿಗಳು ಸೊರಗುತ್ತಿದ್ದವು. ಬೀದಿಯ ನಲ್ಲಿಯಿಂದ ನಾನೇ ನೀರು ತರುತ್ತಿದ್ದೆ, ಯಜಮಾನರು ಸೈಕಲ್ಲಿಗೆ ಕೊಡ ಕಟ್ಟಿಕೊಂಡು ತರುತ್ತೇನೆ ಎಂದರೂ ಬಿಡಲಿಲ್ಲ. ತಲೆಯ ಮೇಲೆ ಕೊಡ, ಬಲಕ್ಕೆ ಮಗ, ಮೂರು ಬೇಸಿಗೆ. ಮೂರನೆಯ ಬೇಸಿಗೆ ಮುಗಿಯುವಷ್ಟರಲ್ಲಿ ಅವನು ಬಗಲಿನಿಂದ ಇಳಿದು ಓಡತೊಡಗಿದ. ಸಿಂಬಿ ಅಟ್ಟ ಸೇರಿತು. ಎಷ್ಟೋ ಸಲ ಕೈ ತುರಿಸಿದರೂ ಅದನ್ನು ನಾನು ಒಗೆಯಲಿಲ್ಲ.

ಇಷ್ಟನ್ನೂ ಮೊನ್ನೆ ಏಣಿಯ ಕೆಳಗೆ ನಿಂತ ಮಗನಿಗೆ ಹೇಳಿದೆ. ಹೇಳಿ ಮುಗಿಸಿ, ಅವನ ಹೆಬ್ಬೆರಳು ಹಿಡಿದು ಸಿಂಬಿಯ ಎಡಭಾಗದ ಮೇಲಿಟ್ಟು, ಇದು ನೀನು ಎಂದೆ. ಅವನು ಒತ್ತಿ ನೋಡಿದ, ಕಣ್ಣು ಮುಚ್ಚಿ ಮತ್ತೊಮ್ಮೆ ಒತ್ತಿದ. ನನಗೇನೂ ಅಂಥ ತಗ್ಗು ಸಿಗುತ್ತಿಲ್ಲವಲ್ಲಮ್ಮ, ಎಲ್ಲ ಕಡೆ ಒಂದೇ ಥರ ಇದೆ ಎಂದ, ನನಗೆ ಬೇಸರವಾದೀತೆಂದು ಮೆಲ್ಲಗೆ.

ಸಿಗುವುದಿಲ್ಲ ಮಗನೇ. ಇದು ಬೀದಿ ನಲ್ಲಿಯಿಂದ ಅಡಿಗೆಮನೆಯವರೆಗೆ, ಮೂರು ಬೇಸಿಗೆಯಲ್ಲಿ, ನೀರಿನ ಕೊಡ ಹೊತ್ತದ್ದು. ದುರುಗಮ್ಮನ ಸಿಂಬಿಯಾಗಿದ್ದರೆ ನಿನ್ನ ಹೆಬ್ಬೆರಳು ಅಲ್ಲಿ ಹುದುಗಿಹೋಗುತ್ತಿತ್ತು. ಅದನ್ನು ನಾನು ಒಗೆದೆ.